ಸರ್ವರ್ ಕೈತಪ್ಪದಂತೆ ಐಪಿ ವಿಳಾಸ ಬದಲಿಸುವುದು: ಹಂತ ಹಂತದ ಮಾರ್ಗದರ್ಶಿ

ಸಣ್ಣ ಕಚೇರಿಗಳ ಸರ್ವರ್ ನೋಡಿಕೊಳ್ಳುವವರಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: ‘ಸರ್, ಐಪಿ ಬದಲಿಸಿದೆ, ಎಂಟರ್ ಒತ್ತಿದೆ, ಪರದೆ ಅಲ್ಲಿಯೇ ನಿಂತುಬಿಟ್ಟಿತು.’ ಬದಲಿಸಿದವರು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕುಳಿತಿರುತ್ತಾರೆ. ಸರ್ವರ್ ಗದಗದಲ್ಲೋ ಬ್ಯಾಡಗಿಯಲ್ಲೋ ಬೀಗ ಹಾಕಿದ ಕೋಣೆಯಲ್ಲಿರುತ್ತದೆ. ಆಮೇಲೆ ಕೀಲಿಕೈ ಇರುವವರನ್ನು ಹುಡುಕಿಸಿ, ಬಸ್ ಹಿಡಿದು ಹೋಗಿ, ಯಂತ್ರದ ಮುಂದೆ ಕುಳಿತು ಸರಿಮಾಡಬೇಕು. ಅಷ್ಟು ಹೊತ್ತೂ ಅಲ್ಲಿನ ಬಿಲ್ಲಿಂಗ್ ನಿಂತಿರುತ್ತದೆ, ಗಿರಾಕಿಗಳು ಕಾಯುತ್ತಿರುತ್ತಾರೆ.

ಇವರಲ್ಲಿ ಯಾರಿಗೂ ಆಜ್ಞೆಗಳು ಗೊತ್ತಿಲ್ಲ ಎನ್ನುವಂತಿಲ್ಲ. ಎಲ್ಲರೂ ಸರಿಯಾದ ಸಾಲುಗಳನ್ನೇ ಬರೆದಿರುತ್ತಾರೆ. ತಪ್ಪುವುದು ಕ್ರಮ. ಹಿಂದಿರುಗುವ ದಾರಿಯನ್ನು ಮೊದಲು ಮಾಡಿಕೊಂಡು ಆಮೇಲೆ ಬದಲಿಸಬೇಕಾದ ಕೆಲಸ ಇದು. ಆ ಕ್ರಮವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಹೆಚ್ಚಾಗಿ ಕಾಣುವ ಉಬುಂಟು ಸರ್ವರ್ 22.04 ಮತ್ತು ಅದರ ನಂತರದ ಆವೃತ್ತಿಗಳನ್ನು ಮುಂದಿಟ್ಟುಕೊಂಡಿದ್ದೇನೆ. ಉಳಿದ ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಬಗ್ಗೆ ನಡುವೆ ಒಂದು ಭಾಗವಿದೆ.

ಆಜ್ಞೆಗಳನ್ನು ಮತ್ತು ಫೈಲ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದ್ದೇನೆ.

ಮೊದಲು ಕೈಯಲ್ಲಿ ಇರಬೇಕಾದವು

ಸರ್ವರ್ ಮುಂದೆ ಕೀಬೋರ್ಡ್ ಮತ್ತು ಮಾನಿಟರ್ ಜೋಡಿಸಿರಲಿ. ದೂರದಿಂದ ಕೆಲಸ ಮಾಡುವುದಾದರೆ, ಆ ಕೋಣೆಯ ಕೀಲಿಕೈ ಇರುವ ಒಬ್ಬರು ಫೋನ್‌ನಲ್ಲಿ ಸಿಗುವಂತಿರಲಿ. ಸುಡೊ (ಆಡಳಿತಾಧಿಕಾರದಿಂದ ಆಜ್ಞೆ ನಡೆಸುವ ವಿಧಾನ) ಪಾಸ್‌ವರ್ಡ್ ನೆನಪಿದೆಯೇ ಎಂದು ಈಗಲೇ ಒಮ್ಮೆ ಪರೀಕ್ಷಿಸಿ. ಕೀಲಿ ಫೈಲ್ ಬಳಸಿ ದಿನವೂ ಒಳಹೋಗುವವರಿಗೆ ಪಾಸ್‌ವರ್ಡ್ ಮರೆತೇ ಹೋಗಿರುತ್ತದೆ. ಯಂತ್ರದ ಮುಂದೆ ಕುಳಿತಾಗ ಅದಿಲ್ಲದೆ ಏನೂ ನಡೆಯುವುದಿಲ್ಲ.

ಸರಿಯಾಗಿದೆ ಎಂದು ಗೊತ್ತಿರುವ ಒಂದು ಲ್ಯಾನ್ ಕೇಬಲ್, ಒಂದು ಹಾಳೆ, ಒಂದು ಪೆನ್ನು ಬೇಕು. ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡರೆ ಸಾಲದೇ ಎಂದು ಕೇಳುತ್ತಾರೆ. ಫೋಟೊ ಇರಲಿ, ಆದರೆ ಬರೆಯಿರಿ. ಕೈಯಿಂದ ಬರೆಯುವಾಗ 192.168.1.10 ಮತ್ತು 192.168.1.110ರ ನಡುವಿನ ಅಂತರ ಕಣ್ಣಿಗೆ ಬೀಳುತ್ತದೆ.

ವ್ಯಾಪಾರದ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ, ಸಹಕಾರಿ ಸಂಘಗಳಲ್ಲಿ ಮಾರ್ಚ್ ಕೊನೆಯ ವಾರ ಖಂಡಿತ ಬೇಡ.

ಹಂತ 1: ಈಗ ಇರುವುದನ್ನು ಓದಿ, ಬರೆದುಕೊಳ್ಳಿ

ಮೊದಲ ಆಜ್ಞೆ ‘ಐಪಿ ಎ’. ಇದು ಸರ್ವರ್‌ನಲ್ಲಿರುವ ಎಲ್ಲ ಇಂಟರ್‌ಫೇಸ್‌ಗಳನ್ನೂ, ಅಂದರೆ ನೆಟ್‌ವರ್ಕಿಗೆ ಸೇರುವ ಬಾಗಿಲುಗಳನ್ನೂ, ತೋರಿಸುತ್ತದೆ. ‘ಎಲ್ಓ’ ಎಂಬುದು ಯಂತ್ರ ತನ್ನೊಳಗೆ ತಾನೇ ಮಾತಾಡಿಕೊಳ್ಳುವ ದಾರಿ. ಅದರ ವಿಳಾಸ 127.0.0.1, ಅದನ್ನು ಮುಟ್ಟಬೇಡಿ. ನಮಗೆ ಬೇಕಾದದ್ದು ‘ಇಎನ್‌ಪಿ3ಎಸ್0’, ‘ಇಎನ್‌ಒ1’, ‘ಇಎನ್‌ಎಸ್18’ ರೀತಿಯ ಹೆಸರು. ಹಳೆಯ ಪುಸ್ತಕಗಳಲ್ಲಿರುವ ‘ಇಟಿಎಚ್0’ ನಿಮ್ಮಲ್ಲಿ ಇರಲಾರದು. ಪುಸ್ತಕ ನೋಡಿ ಆ ಹೆಸರನ್ನೇ ಫೈಲ್‌ನಲ್ಲಿ ಬರೆದವರು ಬಹಳ ಮಂದಿ.

ಆ ಸಾಲಿನಲ್ಲಿ ಮೂರು ಸಂಗತಿ ನೋಡಿ. ‘ಸ್ಟೇಟ್ ಅಪ್’ ಎಂದಿದೆಯೇ? ‘ನೋ-ಕ್ಯಾರಿಯರ್’ ಎಂದಿದ್ದರೆ ತಂತಿಯಲ್ಲಿ ಜೀವವಿಲ್ಲ. ‘ಇನೆಟ್’ ಮುಂದಿನ ವಿಳಾಸ ಮತ್ತು ಅದರ ಕೊನೆಯಲ್ಲಿ ಓರೆಗೆರೆಯ ನಂತರ ಬರುವ, ನೆಟ್‌ವರ್ಕಿನ ವ್ಯಾಪ್ತಿ ಹೇಳುವ ಸಂಖ್ಯೆ ಏನು? ಸಾಮಾನ್ಯವಾಗಿ /24 ಇರುತ್ತದೆ. ಆ ಸಾಲಿನಲ್ಲಿ ‘ಡೈನಾಮಿಕ್’ ಎಂಬ ಪದವಿದೆಯೇ? ಇದ್ದರೆ ಆ ವಿಳಾಸ ರೂಟರ್ ಕೊಟ್ಟಿದ್ದು, ಯಾವತ್ತಾದರೂ ಬದಲಾಗಬಹುದು. ‘ಸರ್ವರ್ ಐಪಿ ತಾನಾಗಿಯೇ ಬದಲಾಯಿತು’ ಎಂದು ದೂರುವವರ ಯಂತ್ರದಲ್ಲಿ ಈ ಪದ ಕಾಣಿಸುತ್ತದೆ.

ಎರಡನೆಯದು ‘ಐಪಿ ಆರ್’. ‘ಡಿಫಾಲ್ಟ್ ವಯಾ’ ಎಂದು ಶುರುವಾಗುವ ಸಾಲು ಒಂದೇ ಇರಬೇಕು. ಅಲ್ಲಿರುವುದೇ ಗೇಟ್‌ವೇ, ಅಂದರೆ ನಿಮ್ಮ ರೂಟರ್. ಮೂರನೆಯದು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’. ಇದರಲ್ಲಿ ಡಿಎನ್‌ಎಸ್ ಸರ್ವರ್‌ಗಳ, ಅಂದರೆ ತಾಣದ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಸರ್ವರ್‌ಗಳ, ವಿಳಾಸ ಸಿಗುತ್ತದೆ. ಇಂಟರ್‌ಫೇಸ್ ಹೆಸರು, ವಿಳಾಸ, ಗೇಟ್‌ವೇ, ಡಿಎನ್‌ಎಸ್, ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಈ ಐದನ್ನೂ ಹಾಳೆಯಲ್ಲಿ ಬರೆಯಿರಿ.

ಹಂತ 2: ತಂತಿಯನ್ನು ನಂಬಬೇಡಿ, ನೋಡಿ

‘ಸುಡೊ ಎತ್‌ಟೂಲ್ ಇಎನ್‌ಪಿ3ಎಸ್0’ ಎಂದು ಕೊಟ್ಟರೆ ಕೊನೆಯಲ್ಲಿ ‘ಲಿಂಕ್ ಡಿಟೆಕ್ಟೆಡ್: ಯೆಸ್’ ಎಂದು ಬರಬೇಕು. ಮೇಲೆ ‘ಸ್ಪೀಡ್’ ಸಾಲಿನಲ್ಲಿ 1000 ಇರಬೇಕಾದಲ್ಲಿ 100 ಇದ್ದರೆ ಕೇಬಲ್ ಮೇಲೆ ಅನುಮಾನ ಪಡಿ. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಇಲಿ ಕಡಿದ ಅಥವಾ ಬಾಗಿಲ ಸಂದಿಯಲ್ಲಿ ಜಜ್ಜಿದ ಕೇಬಲ್ ಪೂರ್ತಿ ಸಾಯದೆ ನಿಧಾನವಾಗಿ ನಡೆಯುವುದು ಇದರಿಂದಲೇ.

ಭರಣಿ, ಕೃತ್ತಿಕಾ ಮಳೆಯ ದಿನಗಳಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಮೇವರೆಗೆ, ಸಿಡಿಲು ಬಡಿದ ಮರುದಿನ ಸ್ವಿಚ್‌ನ ಪೋರ್ಟ್‌ಗಳೋ ಸರ್ವರ್‌ನ ಮದರ್‌ಬೋರ್ಡ್ ಮೇಲಿನ ನೆಟ್‌ವರ್ಕ್ ಚಿಪ್ಪೋ ಸುಟ್ಟಿರುವುದು ನಮ್ಮಲ್ಲಿ ಅಪರೂಪವಲ್ಲ. ಗದಗದ ಒಂದು ಮುದ್ರಣಾಲಯದಲ್ಲಿ ಹಾಗೆ ಆಗಿತ್ತು. ಅವರು ಹೊಸ ನೆಟ್‌ವರ್ಕ್ ಕಾರ್ಡ್ ತಂದು ಹಾಕಿಸಿದರು. ಕಾರ್ಡಿನ ದೀಪ ಮಿನುಗುತ್ತಿತ್ತು, ಆದರೂ ಸರ್ವರ್ ಯಾರಿಗೂ ಸಿಗಲಿಲ್ಲ. ಕಾರ್ಡೇ ಕೆಟ್ಟಿದೆ ಎಂದು ಎರಡನೆಯದನ್ನೂ ತಂದರು. ಪರದೆಯ ಮುಂದೆ ಕುಳಿತು ‘ಐಪಿ ಎ’ ಕೊಟ್ಟಾಗ ಕಾರಣ ಎದುರಿಗೇ ಇತ್ತು: ಹೊಸ ಕಾರ್ಡಿನ ಹೆಸರು ‘ಇಎನ್‌ಪಿ5ಎಸ್0’, ಫೈಲ್‌ನಲ್ಲಿ ಬರೆದಿದ್ದು ‘ಇಎನ್‌ಪಿ3ಎಸ್0’. ಈ ಹೆಸರಿನಲ್ಲಿರುವ ಅಂಕಿಗಳು ಕಾರ್ಡ್ ಯಾವ ಸ್ಥಾನದಲ್ಲಿದೆ ಎಂಬುದರಿಂದ ಬರುತ್ತವೆ. ಸ್ಥಾನ ಬದಲಾದರೆ ಹೆಸರೂ ಬದಲಾಗುತ್ತದೆ. ಡಿಸ್ಕ್‌ಗಾಗಿ ಬೇರೊಂದು ಕಾರ್ಡ್ ಸೇರಿಸಿದಾಗಲೂ ಕೆಲವೊಮ್ಮೆ ಅಂಕಿ ಜರುಗುತ್ತದೆ. ಯಂತ್ರದ ಹೊಟ್ಟೆ ತೆರೆದ ಪ್ರತಿ ಸಲವೂ ಹೆಸರನ್ನು ಮತ್ತೆ ನೋಡಿ.

ಹಂತ 3: ವಿಳಾಸ ಆರಿಸುವುದು

ಒಳಗಿನ ನೆಟ್‌ವರ್ಕಿಗೆ ಮೀಸಲಾದ ವಿಳಾಸಗಳ ಗುಂಪು ಮೂರು: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು. ನಿಮ್ಮ ರೂಟರ್ ಯಾವ ಗುಂಪಿನಲ್ಲಿದೆಯೋ ಸರ್ವರ್ ಕೂಡ ಅದೇ ನೆಟ್‌ವರ್ಕಿನಲ್ಲಿರಬೇಕು. ರೂಟರ್ 192.168.0.1, ಗೆರೆಯ ನಂತರದ ಸಂಖ್ಯೆ 24 ಆದರೆ, ಸರ್ವರ್‌ಗೆ 192.168.0.2ರಿಂದ 192.168.0.254ರೊಳಗಿನ ಒಂದನ್ನು ಕೊಡಬಹುದು. ಕೊನೆಯ ಅಂಕಿ 0 ಮತ್ತು 255 ಕೊಡುವಂತಿಲ್ಲ.

ಆ 253ರಲ್ಲಿ ಯಾವುದಾದರೂ ಆಗುತ್ತದೆಯೇ? ಆಗುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲಿಯೇ. ರೂಟರ್ ತನ್ನ ಡಿಎಚ್‌ಸಿಪಿಗೆ, ಅಂದರೆ ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆಗೆ, ಒಂದು ಸಾಲು ವಿಳಾಸಗಳನ್ನು ಎತ್ತಿಟ್ಟಿರುತ್ತದೆ, ಉದಾಹರಣೆಗೆ 100ರಿಂದ 200. ನೀವು ಸರ್ವರ್‌ಗೆ 120 ಕೊಟ್ಟರೆ ಇವತ್ತು ನಡೆಯುತ್ತದೆ, ನಾಳೆಯೂ ನಡೆಯುತ್ತದೆ. ಒಂದು ದಿನ ಯಾರದೋ ಮೊಬೈಲ್ ವೈಫೈಗೆ ಸೇರುತ್ತದೆ, ರೂಟರ್ ಅದಕ್ಕೂ 120 ಕೊಡುತ್ತದೆ. ಆಗ ಸರ್ವರ್ ಐದು ನಿಮಿಷ ಸಿಗುತ್ತದೆ, ಐದು ನಿಮಿಷ ಸಿಗುವುದಿಲ್ಲ. ಆದ್ದರಿಂದ ರೂಟರ್‌ನ ಪುಟ ತೆರೆದು ಡಿಎಚ್‌ಸಿಪಿ ವ್ಯಾಪ್ತಿ ನೋಡಿ, ಅದರ ಹೊರಗಿನ ವಿಳಾಸ ಆರಿಸಿ. ಸರ್ವರ್‌ಗೆ ನಾನು ಸಾಮಾನ್ಯವಾಗಿ 10 ಕೊಡುತ್ತೇನೆ. ಫೋನ್‌ನಲ್ಲಿ ಹೇಳಲು, ನೆನಪಿಡಲು ಸುಲಭ.

ಆರಿಸಿದ ವಿಳಾಸ ಖಾಲಿ ಇದೆಯೇ ಎಂದು ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು, ನೋಡಿದರೆ ಸಾಲದು. ಬಹಳಷ್ಟು ವಿಂಡೋಸ್ ಕಂಪ್ಯೂಟರ್‌ಗಳು ಇದ್ದೂ ಪಿಂಗ್‌ಗೆ ಉತ್ತರ ಕೊಡುವುದಿಲ್ಲ. ‘ಸುಡೊ ಆರ್ಪಿಂಗ್ -ಡಿ -ಐ ಇಎನ್‌ಪಿ3ಎಸ್0 -ಸಿ 3 192.168.0.10’ ಬಳಸಿ. ಇಲ್ಲಿ ಡಿ ಮತ್ತು ಐ ದೊಡ್ಡಕ್ಷರ, ಸಿ ಸಣ್ಣಕ್ಷರ. ಕೊನೆಯಲ್ಲಿ ಸೊನ್ನೆ ಉತ್ತರ ಬಂತೆಂದು ತೋರಿಸಿದರೆ ಆ ಹೊತ್ತಿಗೆ ಯಾರೂ ಅದನ್ನು ಬಳಸುತ್ತಿಲ್ಲ. ಮುಚ್ಚಿಟ್ಟ ಪ್ರಿಂಟರ್‌ಗಳನ್ನೂ ಚಾಲೂ ಮಾಡಿಸಿ ಪರೀಕ್ಷಿಸಿ.

ಹಂತ 4: ಹಿಂದಿರುಗುವ ದಾರಿ

ಉಬುಂಟುವಿನಲ್ಲಿ ನೆಟ್‌ವರ್ಕ್ ಹೊಂದಿಸುವ ಸಾಧನ ನೆಟ್‌ಪ್ಲಾನ್. ಅದರ ಫೈಲ್‌ಗಳು ‘ಇಟಿಸಿ’ ಫೋಲ್ಡರಿನೊಳಗಿನ ‘ನೆಟ್‌ಪ್ಲಾನ್’ ಫೋಲ್ಡರಿನಲ್ಲಿವೆ. ಅವುಗಳ ಹೆಸರು ‘ವೈಎಎಂಎಲ್’ ಎಂದು ಮುಗಿಯುತ್ತದೆ. ಇದ್ದದ್ದನ್ನೆಲ್ಲ ನಿಮ್ಮ ಹೋಮ್ ಫೋಲ್ಡರಿಗೆ ನಕಲು ಮಾಡಿ. ಅದೇ ಫೋಲ್ಡರಿನಲ್ಲಿ ‘ಹಳೆಯದು’ ಎಂದು ಹೆಸರು ಕೊಟ್ಟು ಇಡಬೇಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹಾವೇರಿ ಜಿಲ್ಲೆಯ ಒಂದು ಸಂಘದ ಸರ್ವರ್‌ನಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಮೂಲ ಫೈಲ್‌ನ ನಕಲನ್ನು ಪಕ್ಕದಲ್ಲೇ ಇಟ್ಟೆ, ಅದರ ಹೆಸರೂ ‘ವೈಎಎಂಎಲ್’ ಎಂದೇ ಮುಗಿಯುತ್ತಿತ್ತು. ನೆಟ್‌ಪ್ಲಾನ್ ಆ ಫೋಲ್ಡರಿನಲ್ಲಿ ಹಾಗೆ ಮುಗಿಯುವ ಎಲ್ಲ ಫೈಲ್‌ಗಳನ್ನೂ ಹೆಸರಿನ ಅಕಾರಾದಿ ಕ್ರಮದಲ್ಲಿ ಓದಿ ಒಟ್ಟುಗೂಡಿಸುತ್ತದೆ. ಒಂದೇ ಮೌಲ್ಯವಿರುವ ಸಾಲುಗಳಲ್ಲಿ ಕೊನೆಯ ಫೈಲ್‌ನ ಮಾತು ನಿಲ್ಲುತ್ತದೆ, ಪಟ್ಟಿಗಳಾದರೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಹಾಗಾಗಿ ಹಳೆಯ ಗೇಟ್‌ವೇ, ಹೊಸ ಗೇಟ್‌ವೇ ಎರಡೂ ಉಳಿದವು. ಒಳಗಿನ ಕೆಲಸ ನಡೆಯುತ್ತಿತ್ತು, ಇಂಟರ್ನೆಟ್ ಮಾತ್ರ ಮನಸ್ಸು ಬಂದಾಗ ಬರುತ್ತಿತ್ತು. ಒಂದು ಇಡೀ ದಿನ ರೂಟರನ್ನು ಅನುಮಾನಿಸಿದೆ.

ಎರಡನೆಯ ಕೆಲಸ ‘ಟಿಮಕ್ಸ್’ ತೆರೆಯುವುದು. ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಒಳಹೋಗುವ ವಿಧಾನ) ಸಂಪರ್ಕ ಕಡಿದರೂ ಅದರೊಳಗೆ ನಡೆಯುತ್ತಿರುವುದು ನಿಲ್ಲುವುದಿಲ್ಲ. ಹಂತ 6ರಲ್ಲಿ ಬರುವ, ತಾನಾಗಿ ಹಿಂದಕ್ಕೆ ತರುವ ಆಜ್ಞೆ ನಡುದಾರಿಯಲ್ಲಿ ಸತ್ತುಹೋಗಬಾರದು.

ಮೂರನೆಯದು, ಹೊರಗಿನ ಊರಿನಿಂದ ಕೆಲಸ ಮಾಡುವವರಿಗೆ ಮಾತ್ರ: ಒಂದು ಸಣ್ಣ ಸ್ಕ್ರಿಪ್ಟ್ ಬರೆದಿಡಿ. ಅದರಲ್ಲಿ ಎರಡೇ ಸಾಲು. ಹೋಮ್ ಫೋಲ್ಡರಿನಲ್ಲಿಟ್ಟ ನಕಲನ್ನು ಮೂಲ ಫೈಲ್‌ನ ಹೆಸರಿನಲ್ಲೇ ವಾಪಸ್ ಹಾಕುವುದು, ನಂತರ ‘ನೆಟ್‌ಪ್ಲಾನ್ ಅಪ್ಲೈ’. ‘ಸಿಸ್ಟಮ್‌ಡಿ-ರನ್’ ಆಜ್ಞೆಯಿಂದ ಈ ಸ್ಕ್ರಿಪ್ಟ್ 15 ನಿಮಿಷದ ನಂತರ ಓಡುವಂತೆ ಇಡಿ, ಅದಕ್ಕೊಂದು ಹೆಸರನ್ನೂ ಕೊಡಿ. ಎಲ್ಲ ಸರಿಹೋದರೆ ಆ ಹೆಸರಿನ ಟೈಮರನ್ನು ‘ಸಿಸ್ಟಮ್‌ಸಿಟಿಎಲ್ ಸ್ಟಾಪ್’ ಕೊಟ್ಟು ನಿಲ್ಲಿಸಬಹುದು. ಸರಿಹೋಗದಿದ್ದರೆ 15 ನಿಮಿಷ ಕಾಯಿರಿ, ಹಳೆಯ ವಿಳಾಸದಲ್ಲಿ ಸರ್ವರ್ ಮತ್ತೆ ಸಿಗುತ್ತದೆ. ಈ ಟೈಮರ್ ರೀಬೂಟ್ ಆದರೆ ಉಳಿಯುವುದಿಲ್ಲ. ನಡುವೆ ರೀಬೂಟ್ ಮಾಡಬೇಡಿ.

ಫೈಲ್‌ನ ಹೆಸರು ‘50-ಕ್ಲೌಡ್-ಇನಿಟ್’ ಎಂದಿದ್ದರೆ ಅದರ ತಲೆಯಲ್ಲಿರುವ ಟಿಪ್ಪಣಿಯನ್ನು ಓದಿ. ಆ ಫೈಲ್ ಕ್ಲೌಡ್-ಇನಿಟ್ ಎಂಬ ಸೇವೆ ಬರೆದದ್ದು, ನೀವು ತಿದ್ದಿದ್ದನ್ನು ಅದು ಅಳಿಸಿ ಮತ್ತೆ ಬರೆಯಬಹುದು. ಅದನ್ನು ನೆಟ್‌ವರ್ಕಿನಿಂದ ದೂರವಿಡುವ ಸಾಲು ಸಾಮಾನ್ಯವಾಗಿ ಆ ಟಿಪ್ಪಣಿಯಲ್ಲೇ ಇರುತ್ತದೆ. ಅದನ್ನು ಹಾಗೆಯೇ ಪಾಲಿಸಿ.

ಹಂತ 5: ಫೈಲ್ ಬರೆಯುವುದು

ಉದಾಹರಣೆಗೆ, ಕಚೇರಿಯ ಹಳೆಯ ರೂಟರ್ 192.168.1.1, ಸರ್ವರ್ 192.168.1.10. ನಾಳೆ ಹೊಸ ಫೈಬರ್ ರೂಟರ್ ಬರುತ್ತದೆ, ಅದರ ವಿಳಾಸ 192.168.0.1. ನಮ್ಮಲ್ಲಿ ಸರ್ವರ್‌ಗಳು ಕಳೆದುಹೋಗುವುದು ಹೆಚ್ಚಾಗಿ ಇಂಥ ಸಂದರ್ಭದಲ್ಲಿ. ಕಂಪ್ಯೂಟರ್‌ಗಳೆಲ್ಲ ಹೊಸ ರೂಟರ್‌ನಿಂದ 0ರ ನೆಟ್‌ವರ್ಕಿನ ವಿಳಾಸ ಪಡೆಯುತ್ತವೆ, ಸರ್ವರ್ ಒಂದೇ 1ರಲ್ಲಿ ಉಳಿಯುತ್ತದೆ. ಇದಕ್ಕೆ ಒಳ್ಳೆಯ ಉಪಾಯವೆಂದರೆ ಹಿಂದಿನ ದಿನವೇ ಒಂದೇ ಇಂಟರ್‌ಫೇಸ್‌ಗೆ ಎರಡೂ ವಿಳಾಸ ಕೊಡುವುದು. ಇದು ಕಳ್ಳದಾರಿಯಲ್ಲ, ವ್ಯವಸ್ಥೆಯೇ ಒಪ್ಪುವ ಕ್ರಮ.

ನೆಟ್‌ವರ್ಕ್:
  ವರ್ಶನ್: 2
  ಎತರ್ನೆಟ್ಸ್:
    ಇಎನ್‌ಪಿ3ಎಸ್0:
      ಡಿಎಚ್‌ಸಿಪಿ4: ಫಾಲ್ಸ್
      ಅಡ್ರೆಸಸ್:
        - 192.168.1.10/24
        - 192.168.0.10/24
      ರೂಟ್ಸ್:
        - ಟು: ಡಿಫಾಲ್ಟ್
          ವಯಾ: 192.168.1.1
      ನೇಮ್‌ಸರ್ವರ್ಸ್:
        ಅಡ್ರೆಸಸ್: [192.168.1.1, 8.8.8.8]

ಈ ಫೈಲ್‌ನಲ್ಲಿ ಅಂಚಿನ ಖಾಲಿ ಜಾಗಕ್ಕೆ ಅರ್ಥವಿದೆ. ಒಂದರ ಒಳಗಿರುವುದನ್ನು ಎರಡು ಸ್ಪೇಸ್ ಒಳಸರಿಸಿ ಬರೆಯಬೇಕು. ಟ್ಯಾಬ್ ಕೀಲಿ ಒತ್ತಲೇಬಾರದು. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಟ್ಯಾಬ್ ಕಂಡರೆ ನೆಟ್‌ಪ್ಲಾನ್ ಫೈಲನ್ನೇ ತಿರಸ್ಕರಿಸುತ್ತದೆ. ಕೋಲನ್ ಚಿಹ್ನೆಯ ನಂತರ ಒಂದು ಸ್ಪೇಸ್ ಬೇಕು. ವಿಳಾಸದ ಕೊನೆಯಲ್ಲಿ /24 ಬಿಟ್ಟುಹೋದರೆ ದೋಷ ತೋರಿಸಿ ನಿಲ್ಲುತ್ತದೆ, ಗೇಟ್‌ವೇ ಮತ್ತು ಡಿಎನ್‌ಎಸ್ ವಿಳಾಸಗಳಿಗೆ ಮಾತ್ರ /24 ಹಾಕಬಾರದು. ಈ ಎರಡನ್ನು ಅದಲುಬದಲು ಮಾಡಿದ ಫೈಲ್‌ಗಳನ್ನು ನಾನು ಎಣಿಸಲಾಗದಷ್ಟು ನೋಡಿದ್ದೇನೆ.

ಹಳೆಯ ಫೈಲ್‌ಗಳಲ್ಲಿ ‘ಗೇಟ್‌ವೇ4’ ಎಂಬ ಸಾಲು ಇರುತ್ತದೆ. ಅದು ಈಗ ಬಳಕೆಯಿಂದ ಹೊರಗೆ ಹೋಗುತ್ತಿದೆ, ಎಚ್ಚರಿಕೆಯ ಸಂದೇಶವನ್ನೂ ಕೊಡುತ್ತದೆ. ಅದನ್ನು ತೆಗೆದು ಮೇಲಿನಂತೆ ‘ರೂಟ್ಸ್’ ಬರೆಯಿರಿ. ಎರಡೂ ಇರಬಾರದು. ಎರಡು ವಿಳಾಸ ಇಟ್ಟೆವೆಂದು ಎರಡು ಡಿಫಾಲ್ಟ್ ಗೇಟ್‌ವೇ ಬರೆಯಲೂಬಾರದು.

ಉಳಿಸಿದ ಮೇಲೆ ಫೈಲ್‌ನ ಅನುಮತಿಯನ್ನು ‘ಸುಡೊ ಸಿಎಚ್‌ಮಾಡ್ 600’ ಕೊಟ್ಟು ಬಿಗಿಮಾಡಿ, ಇಲ್ಲವಾದರೆ ಹೊಸ ಆವೃತ್ತಿಗಳು ಎಚ್ಚರಿಸುತ್ತವೆ. ನಂತರ ‘ಸುಡೊ ನೆಟ್‌ಪ್ಲಾನ್ ಜನರೇಟ್’. ಏನೂ ಹೇಳದೆ ಸುಮ್ಮನೆ ಮುಗಿದರೆ ಬರವಣಿಗೆ ಸರಿಯಿದೆ ಎಂದರ್ಥ. ಬರವಣಿಗೆ ಸರಿಯಿದ್ದರೂ ವಿಳಾಸ ತಪ್ಪಿರಬಹುದು, ಅದನ್ನು ಈ ಆಜ್ಞೆ ಹಿಡಿಯಲಾರದು. ಹಾಳೆಯಲ್ಲಿ ಬರೆದುಕೊಂಡದ್ದರ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ.

ಹಂತ 6: ಜಾರಿಗೆ ತರುವುದು

‘ನೆಟ್‌ಪ್ಲಾನ್ ಅಪ್ಲೈ’ ಕೊಡಬೇಡಿ. ‘ಸುಡೊ ನೆಟ್‌ಪ್ಲಾನ್ ಟ್ರೈ’ ಕೊಡಿ. ಎರಡಕ್ಕೂ ಇರುವ ಅಂತರ ದೊಡ್ಡದು. ಅಪ್ಲೈ ಮಾಡಿದ್ದು ಹಾಗೆಯೇ ನಿಲ್ಲುತ್ತದೆ. ಟ್ರೈ ಕೊಟ್ಟರೆ ಹೊಸ ಹೊಂದಿಕೆ ಜಾರಿಗೆ ಬಂದು 120 ಸೆಕೆಂಡ್‌ಗಳ ಎಣಿಕೆ ಶುರುವಾಗುತ್ತದೆ. ಅಷ್ಟರೊಳಗೆ ನೀವು ಎಂಟರ್ ಒತ್ತಿದರೆ ಮಾತ್ರ ಅದು ಉಳಿಯುತ್ತದೆ, ಇಲ್ಲವಾದರೆ ಹಳೆಯದಕ್ಕೆ ತಾನಾಗಿ ಮರಳುತ್ತದೆ.

ಎಣಿಕೆ ನಡೆಯುತ್ತಿರುವಾಗ ಅದೇ ಪರದೆಯಲ್ಲಿ ಎಂಟರ್ ಒತ್ತುವ ಅವಸರ ಬೇಡ. ಇನ್ನೊಂದು ಕಿಟಕಿ ತೆರೆದು ಹೊಸದಾಗಿ ಎಸ್‌ಎಸ್‌ಎಚ್ ಮಾಡಿ. ಈಗಾಗಲೇ ತೆರೆದಿರುವ ಸಂಪರ್ಕ ಉಳಿದಿದೆ ಎಂದರೆ ಹೊಸ ಸಂಪರ್ಕ ಸಿಗುತ್ತದೆ ಎಂದಲ್ಲ. ಹೊಸ ಕಿಟಕಿಯಲ್ಲಿ ಒಳಹೋಗಲು ಆದ ಮೇಲೆ ಮೊದಲ ಕಿಟಕಿಗೆ ಬಂದು ಎಂಟರ್ ಒತ್ತಿ.

ಮರುದಿನ ಹೊಸ ರೂಟರ್ ಜೋಡಿಸಿದಾಗ ಅದೇ ಕಚೇರಿಯ ಒಂದು ಕಂಪ್ಯೂಟರಿನಿಂದ 192.168.0.10ಕ್ಕೆ ಒಳಹೋಗಿ. ಒಂದೇ ನೆಟ್‌ವರ್ಕಿನ ಎರಡು ಯಂತ್ರಗಳು ಮಾತಾಡಲು ಗೇಟ್‌ವೇ ಬೇಕಿಲ್ಲ. ಹಾಗಾಗಿ ಗೇಟ್‌ವೇ ಇನ್ನೂ ಹಳೆಯದೇ ಇದ್ದರೂ ಸರ್ವರ್ ನಿಮಗೆ ಸಿಗುತ್ತದೆ. ‘ವಯಾ’ ಸಾಲನ್ನು 192.168.0.1 ಮಾಡಿ, ಡಿಎನ್‌ಎಸ್‌ನಲ್ಲೂ ಅದನ್ನೇ ಬರೆದು, ಮತ್ತೆ ಟ್ರೈ ಕೊಡಿ.

ಹೊರಗಿನ ಊರಿನಿಂದ ಒಳಬಂದಿರುವವರ ಪರಿಸ್ಥಿತಿ ಬೇರೆ. ಅವರ ಮಾತು ಸರ್ವರ್‌ಗೆ ಮುಟ್ಟಿದರೂ ಅದರ ಉತ್ತರ ಗೇಟ್‌ವೇ ಮೂಲಕವೇ ಹೊರಗೆ ಹೋಗಬೇಕು. ಗೇಟ್‌ವೇ ಸಾಲಿನಲ್ಲಿ ಒಂದು ಅಂಕಿ ತಪ್ಪಿದರೂ ಉತ್ತರ ಹೊರಡುವುದಿಲ್ಲ, ನಿಮಗೆ ಕಾಣುವುದು ನಿಂತ ಪರದೆ. ಅದಕ್ಕಾಗಿಯೇ 15 ನಿಮಿಷದ ಆ ಟೈಮರ್.

ಉಬುಂಟು ಅಲ್ಲದಿದ್ದರೆ

ಕ್ರಮ ಇದೇ, ಫೈಲ್ ಬೇರೆ. ಡೆಬಿಯನ್‌ನಲ್ಲಿ ಸಾಮಾನ್ಯವಾಗಿ ‘ಇಟಿಸಿ’, ‘ನೆಟ್‌ವರ್ಕ್’ ಒಳಗಿನ ‘ಇಂಟರ್‌ಫೇಸಸ್’ ಫೈಲ್. ‘ಆಟೊ’ ಎಂಬ ಸಾಲು ಮರೆತರೆ ರೀಬೂಟ್ ಆದಾಗ ಇಂಟರ್‌ಫೇಸ್ ಏಳುವುದಿಲ್ಲ. ‘ಇಫ್‌ಡೌನ್’ ಮತ್ತು ‘ಇಫ್‌ಅಪ್’ ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿ, ಟಿಮಕ್ಸ್ ಒಳಗೆ ಓಡಿಸಿ. ಬೇರೆ ಬೇರೆ ಕೊಟ್ಟರೆ ಮೊದಲನೆಯದಕ್ಕೇ ನೀವು ಹೊರಗೆ ಬೀಳುತ್ತೀರಿ.

ರೆಡ್ ಹ್ಯಾಟ್ ಬಳಗದಲ್ಲಿ ‘ಎನ್‌ಎಂಸಿಎಲ್ಐ’ ಬಳಸಿ. ಅಲ್ಲಿ ವಿಳಾಸವನ್ನು ಮೊದಲು ಬರೆದು, ನಂತರ ವಿಧಾನವನ್ನು ‘ಮ್ಯಾನ್ಯುಯಲ್’ ಮಾಡಿ. ವಿಳಾಸವಿಲ್ಲದೆ ಮ್ಯಾನ್ಯುಯಲ್ ಎಂದರೆ ಅದು ಒಪ್ಪುವುದಿಲ್ಲ.

ಫ್ರೀಬಿಎಸ್‌ಡಿಯಲ್ಲಿ ಎಲ್ಲವೂ ‘ಇಟಿಸಿ’ ಒಳಗಿನ ‘ಆರ್‌ಸಿ ಡಾಟ್ ಕಾನ್ಫ್’ ಫೈಲ್‌ನಲ್ಲಿದೆ, ಗೇಟ್‌ವೇ ಸಾಲಿನ ಹೆಸರು ‘ಡಿಫಾಲ್ಟ್‌ರೂಟರ್’. ‘ಸರ್ವಿಸ್ ನೆಟಿಫ್ ರೀಸ್ಟಾರ್ಟ್’ ಕೊಟ್ಟ ಮೇಲೆ ‘ಸರ್ವಿಸ್ ರೌಟಿಂಗ್ ರೀಸ್ಟಾರ್ಟ್’ ಕೊಡಲೇಬೇಕು. ಮೊದಲನೆಯದು ದಾರಿಗಳನ್ನು ಕಳೆದುಬಿಡುತ್ತದೆ. ಇಲ್ಲಿಯೂ ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸುವುದು ಕ್ಷೇಮ.

ಹಂತ 7: ಒಳಗಿನಿಂದ ಹೊರಗೆ ಪರೀಕ್ಷೆ

‘ನೆಟ್ ಬರುತ್ತಿಲ್ಲ’ ಎಂಬ ಒಂದು ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಬಿಡಿಸಲು ಹತ್ತಿರದಿಂದ ದೂರಕ್ಕೆ ಹೋಗಿ. ಮೊದಲು ‘ಐಪಿ ಎ’ ಕೊಟ್ಟು ವಿಳಾಸ ಕುಳಿತಿದೆಯೇ ನೋಡಿ. ನಂತರ ಗೇಟ್‌ವೇಗೆ ಪಿಂಗ್. ಉತ್ತರವಿಲ್ಲದಿದ್ದರೆ ತಂತಿ, ಸ್ವಿಚ್ ಅಥವಾ ವಿಳಾಸದ ತೊಂದರೆ. ಅದು ಸಿಕ್ಕರೆ 8.8.8.8ಕ್ಕೆ ಪಿಂಗ್. ಇಲ್ಲಿ ನಿಂತರೆ ‘ಡಿಫಾಲ್ಟ್ ವಯಾ’ ಸಾಲು ಅಥವಾ ಇಂಟರ್ನೆಟ್ ಕಂಪನಿಯ ಕಡೆಯ ತೊಂದರೆ. ಅದೂ ಸಿಕ್ಕರೆ ಯಾವುದಾದರೂ ತಾಣದ ಹೆಸರಿಗೆ ಪಿಂಗ್. ಅಂಕಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಡಿಎನ್‌ಎಸ್ ಮಾತ್ರ ಸರಿಪಡಿಸಬೇಕು, ಉಳಿದದ್ದನ್ನು ಮುಟ್ಟಬೇಡಿ.

ಡಿಎನ್‌ಎಸ್ ಸರಿಪಡಿಸಲು ‘ರಿಸಾಲ್ವ್ ಡಾಟ್ ಕಾನ್ಫ್’ ಫೈಲನ್ನು ತಿದ್ದಬೇಡಿ. ಅದರಲ್ಲಿ 127.0.0.53 ಎಂದು ಕಂಡು ಗಾಬರಿಯಾಗಿ ಅಳಿಸುತ್ತಾರೆ. ಅದು ಸರಿಯಾದ ವಿಳಾಸವೇ. ನೀವು ತಿದ್ದಿದ್ದು ಮತ್ತೆ ಅಳಿಯುತ್ತದೆ. ತಿದ್ದಬೇಕಾದ ಜಾಗ ನೆಟ್‌ಪ್ಲಾನ್ ಫೈಲ್‌ನ ‘ನೇಮ್‌ಸರ್ವರ್ಸ್’.

ಪಿಂಗ್ ಸರಿಯಿದ್ದರೆ ಕೆಲಸ ಮುಗಿಯಲಿಲ್ಲ. ‘ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ’ ಕೊಟ್ಟು ಯಾವ ಸೇವೆ ಯಾವ ವಿಳಾಸದಲ್ಲಿ ಕಾಯುತ್ತಿದೆ ನೋಡಿ. 0.0.0.0 ಎಂದಿದ್ದರೆ ಎಲ್ಲ ವಿಳಾಸಗಳಲ್ಲೂ ಸಿಗುತ್ತದೆ. 192.168.1.10 ಎಂದು ಅಂಟಿಕೊಂಡಿದ್ದರೆ ಆ ಸೇವೆಗೆ ಹೊಸ ವಿಳಾಸ ಗೊತ್ತೇ ಇಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ‘ಲಿಸನ್ ಅಡ್ರೆಸಸ್’ ಸಾಲು ಮತ್ತು ‘ಪಿಜಿ ಎಚ್‌ಬಿಎ’ ಫೈಲ್ ಎರಡನ್ನೂ ನೋಡಬೇಕು. ಮೊದಲನೆಯದು ಬಾಗಿಲು ಎಲ್ಲಿ ತೆರೆದಿದೆ ಎಂದು ಹೇಳುತ್ತದೆ, ಎರಡನೆಯದು ಯಾರನ್ನು ಒಳಬಿಡಬೇಕು ಎಂದು. ‘ಇಟಿಸಿ’ ಒಳಗಿನ ‘ಹೋಸ್ಟ್ಸ್’ ಫೈಲ್, ‘ಯುಎಫ್‌ಡಬ್ಲ್ಯು’ ಫೈರ್‌ವಾಲ್ ನಿಯಮಗಳು, ಇವುಗಳಲ್ಲೂ ಹಳೆಯ ನೆಟ್‌ವರ್ಕಿನ ಅಂಕಿ ಉಳಿದಿರುತ್ತದೆ.

ಎಚ್ಚರಿಕೆಯ ಸೂಚನೆಗಳು

169.254ರಿಂದ ಶುರುವಾಗುವ ವಿಳಾಸ ಯಾವುದೇ ಕಂಪ್ಯೂಟರಿನಲ್ಲಿ ಕಂಡರೆ, ಅದಕ್ಕೆ ಡಿಎಚ್‌ಸಿಪಿ ಸಿಕ್ಕಿಲ್ಲ. ಸರ್ವರ್‌ನಲ್ಲಿ ಹುಡುಕಬೇಡಿ, ರೂಟರ್ ಮತ್ತು ತಂತಿ ನೋಡಿ.

ಸರ್ವರ್ ಬಂದು ಬಂದು ಹೋಗುತ್ತಿದ್ದರೆ ಅದೇ ವಿಳಾಸ ಇನ್ನೊಬ್ಬರಲ್ಲೂ ಇದೆ. ಬೇರೊಂದು ಲಿನಕ್ಸ್ ಯಂತ್ರದಲ್ಲಿ ‘ಐಪಿ ನೇ’ ಕೊಟ್ಟು, ಸರ್ವರ್‌ನ ವಿಳಾಸದ ಮುಂದೆ ಬಂದ ಮ್ಯಾಕ್ ವಿಳಾಸವನ್ನು ಹಾಳೆಯಲ್ಲಿ ಬರೆದದ್ದರ ಜೊತೆ ಹೋಲಿಸಿ.

ಸಣ್ಣ ಪುಟಗಳು ತೆರೆದು ದೊಡ್ಡ ಫೈಲ್‌ಗಳು ಮಾತ್ರ ಅರ್ಧಕ್ಕೆ ನಿಲ್ಲುತ್ತಿದ್ದರೆ ಎಂಟಿಯು (ಒಂದು ಸಲಕ್ಕೆ ಹೋಗಬಲ್ಲ ಪೊಟ್ಟಣದ ಗರಿಷ್ಠ ಗಾತ್ರ) ಮೇಲೆ ಅನುಮಾನಪಡಿ. ‘ಪಿಂಗ್ -ಎಂ ಡು -ಎಸ್ 1472 8.8.8.8’, ಎಂ ದೊಡ್ಡಕ್ಷರ. 1472ಕ್ಕೆ ತಲೆಭಾಗದ 28 ಸೇರಿ 1500 ಆಗುತ್ತದೆ. ಇದು ಹೋಗದೆ 1464 ಹೋದರೆ, ದಾರಿಯಲ್ಲಿ ಪಿಪಿಪಿಒಇ (ಇಂಟರ್ನೆಟ್ ಕಂಪನಿಗಳು ಬಳಸುವ ಒಂದು ಸಂಪರ್ಕ ವಿಧಾನ) ಇರಬಹುದು, ಅದರ ಮಿತಿ 1492.

‘ಐಪಿ -ಎಸ್ ಲಿಂಕ್’ ಕೊಟ್ಟಾಗ ‘ಎರರ್ಸ್’ ಅಂಕಿ ಪ್ರತಿ ಸಲ ನೋಡಿದಾಗಲೂ ಏರುತ್ತಿದ್ದರೆ ಕೇಬಲ್ ಅಥವಾ ಪೋರ್ಟ್ ಬದಲಿಸಿ.

ಹಂತ 8: ರೀಬೂಟ್ ಮಾಡಿ ನೋಡಲೇಬೇಕು

‘ಐಪಿ ಅಡ್ರ್ ಆಡ್’ ಎಂದು ನೇರವಾಗಿ ಕೊಟ್ಟ ವಿಳಾಸ ರೀಬೂಟ್ ಆದರೆ ಮಾಯವಾಗುತ್ತದೆ. ಅದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಸರ್ವರ್ ನಡೆಯುತ್ತದೆ, ಒಂದು ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಾಗ ಬೆಳಿಗ್ಗೆ ವಿಳಾಸ ಇರುವುದಿಲ್ಲ. ಬದಲಾವಣೆ ಮಾಡಿದವರು ಆ ಹೊತ್ತಿಗೆ ಏನು ಮಾಡಿದ್ದೆವೆಂದೇ ಮರೆತಿರುತ್ತಾರೆ. ಆದ್ದರಿಂದ 15 ನಿಮಿಷದ ಟೈಮರನ್ನು ನಿಲ್ಲಿಸಿ, ಇವತ್ತೇ, ನೀವು ಎಚ್ಚರವಾಗಿರುವಾಗಲೇ ರೀಬೂಟ್ ಮಾಡಿ.

ಏಳುವಾಗ ಎರಡು ನಿಮಿಷ ನಿಂತುಬಿಟ್ಟರೆ, ಫೈಲ್‌ನಲ್ಲಿ ಬರೆದ ಯಾವುದೋ ಇಂಟರ್‌ಫೇಸ್‌ಗೆ ತಂತಿ ಇಲ್ಲ, ವ್ಯವಸ್ಥೆ ಅದಕ್ಕಾಗಿ ಕಾಯುತ್ತಿದೆ. ಬಳಸದ ಆ ಇಂಟರ್‌ಫೇಸ್‌ನ ಕೆಳಗೆ ‘ಆಪ್ಶನಲ್: ಟ್ರೂ’ ಎಂದು ಸೇರಿಸಿ.

ಹಂತ 9: ಹಳೆಯ ವಿಳಾಸ ತೆಗೆಯುವುದು

ಹಳೆಯ 192.168.1.10 ಒಂದು ವಾರ ಹಾಗೆಯೇ ಇರಲಿ. ಅದರಿಂದ ತೊಂದರೆಯಿಲ್ಲ. ತೆಗೆಯುವ ಮುನ್ನ, ಕೆಲಸ ಜೋರಾಗಿರುವ ಹೊತ್ತಿನಲ್ಲಿ ‘ಎಸ್‌ಎಸ್ -ಟಿಎನ್ ಎಸ್‌ಆರ್‌ಸಿ 192.168.1.10’ ಕೊಟ್ಟು ಹಳೆಯ ವಿಳಾಸಕ್ಕೆ ಇನ್ನೂ ಯಾರು ಬರುತ್ತಿದ್ದಾರೆ ನೋಡಿ. ದಿನಕ್ಕೆ ಎರಡು ಮೂರು ಸಲ ನೋಡಿ.

ಬ್ಯಾಡಗಿಯ ಒಂದು ಗೋದಾಮಿನಲ್ಲಿ ಹೀಗೆ ನೋಡಿದಾಗ 192.168.1.25 ಎಂಬ ಯಂತ್ರ ಕಾಣಿಸಿತು. ಅದು ಯಾವುದೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಬಲ್ ಹಿಡಿದುಕೊಂಡು ಹೋದರೆ ಅಂಗಳದಾಚೆ ವೇ ಬ್ರಿಡ್ಜ್ ಕೋಣೆಯಲ್ಲಿ ಕೊನೆಯಾಯಿತು. ಮೆಣಸಿನಕಾಯಿ ಧೂಳು ಮುತ್ತಿದ, ಕೈಯಾರೆ ವಿಳಾಸ ಬರೆದಿಟ್ಟ ಹಳೆಯ ಕಂಪ್ಯೂಟರ್. ಲಾರಿಗಳ ತೂಕವೆಲ್ಲ ಅದರಿಂದಲೇ ಸರ್ವರ್‌ಗೆ ಹೋಗುತ್ತಿತ್ತು. ಅದಕ್ಕೆ ಹೊಸ ನೆಟ್‌ವರ್ಕಿನ ವಿಳಾಸ ಕೊಟ್ಟು, ಅದರಲ್ಲಿ ಬರೆದಿದ್ದ ಸರ್ವರ್ ವಿಳಾಸವನ್ನೂ ತಿದ್ದಿ, ಒಂದು ಲಾರಿಯ ತೂಕ ಸರ್ವರ್‌ನಲ್ಲಿ ಬಂದು ಕುಳಿತದ್ದನ್ನು ನೋಡಿದ ಮೇಲೆ ನೆಟ್‌ಪ್ಲಾನ್ ಫೈಲ್‌ನಿಂದ ಹಳೆಯ ಸಾಲನ್ನು ಅಳಿಸಿದೆವು. ಮತ್ತೆ ಟ್ರೈ, ಹೊಸ ಕಿಟಕಿಯಿಂದ ಒಂದು ಸಲ ಲಾಗಿನ್, ಎಂಟರ್, ‘ಐಪಿ ಎ’, ರೀಬೂಟ್. ಹೊಸ ಐದು ವಿವರಗಳ ಹಾಳೆಯನ್ನು ದಿನಾಂಕ ಹಾಕಿ ಸರ್ವರ್ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ ಬಂದೆವು.